ಅಪರೂಪದ ಹೆಸರೂ ಕೇಳುವ ಕಿವಿಯೂ

ಮಗು ಹುಟ್ಟಿದ ಹನ್ನೊಂದನೆಯ ಅಥವಾ ಹನ್ನೆರಡನೆಯ ದಿನ ಬಂಧುಬಳಗವೆಲ್ಲ ಕೂಡಿ, ತೊಟ್ಟಿಲನ್ನು ಸಿಂಗರಿಸಿ, ಮಗುವಿನ ಕಿವಿಯಲ್ಲಿ ಹೆಸರನ್ನು ಉಸುರುವುದು ನಮ್ಮ ನಾಡಿನ ಅನೇಕ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಆ ಹೆಸರನ್ನು ಮೊದಲು ಕೇಳುವ ಕಿವಿ ಮಗುವಿನದಾದರೂ ಮುಂದೆ ಅದನ್ನು ದಿನಬೆಳಗಾದರೆ ನುಡಿಯುವವರೂ, ಕೇಳಿ ಮೆಚ್ಚುವವರೂ, ಮೂಗು ಮುರಿಯುವವರೂ ಇತರರೇ. ನಮ್ಮದಾಗಿದ್ದರೂ ನಮಗಿಂತ ಹೆಚ್ಚಾಗಿ ಪರರೇ ಬಳಸುವ ವಸ್ತು ಯಾವುದು ಎಂಬ ಒಗಟಿಗೆ ಹೆಸರೇ ಉತ್ತರವಲ್ಲವೆ?

ಹಿಂದೆ ಹೆಸರನ್ನು ಹುಡುಕುವ ಶ್ರಮ ಅಷ್ಟಾಗಿ ಇರಲಿಲ್ಲ. ತಾತನ ಹೆಸರು ಮೊಮ್ಮಗನಿಗೆ, ಅಜ್ಜಿಯ ಹೆಸರು ಮೊಮ್ಮಗಳಿಗೆ, ಇಲ್ಲವೆ ಮನೆದೇವರ ಹೆಸರು ಮನೆಯ ಹಿರಿಯ ಮಗುವಿಗೆ. ಒಂದೇ ಮನೆಯಲ್ಲಿ ಇಬ್ಬರು ವೆಂಕಟೇಶರೂ, ಒಂದೇ ಬೀದಿಯಲ್ಲಿ ಐವರು ಲಕ್ಷ್ಮಮ್ಮನವರೂ ಇದ್ದರೆ ಅದು ಯಾರಿಗೂ ಕೊರತೆಯೆನಿಸುತ್ತಿರಲಿಲ್ಲ. ಈಗ ಗಾಳಿ ತಿರುಗಿದೆ. ಬೇರೆ ಯಾರೂ ಇಡದ ಹೆಸರನ್ನು ತಮ್ಮ ಮಗುವಿಗೆ ಇಡಬೇಕೆಂದು ಅನೇಕ ತಂದೆತಾಯಿಗಳು ಬಯಸುತ್ತಾರೆ. ಅಂಥ ಹೆಸರನ್ನು ಕೇಳಿದ ಹಿರಿಯರು, “ಇದೆಂಥ ಹೆಸರು! ನಾಳೆ ಶಾಲೆಯಲ್ಲಿ ಮಕ್ಕಳು ನಗುವುದಿಲ್ಲವೆ?” ಎಂದು ಕೇಳುತ್ತಾರೆ.

ಇಬ್ಬರ ಮಾತಿನಲ್ಲಿಯೂ ಪರೀಕ್ಷೆಗೆ ಒಳಪಡಿಸಬಹುದಾದ ಅಂಶಗಳಿವೆ. ಹೆಸರಿನ ಅಪರೂಪತೆಯನ್ನು ಅಳೆಯಬಹುದೇ? ಅದು ಕೇಳುವವರ ಮನಸ್ಸಿನಲ್ಲಿ ಏನನ್ನು ಉಂಟುಮಾಡುತ್ತದೆ? ಅದರಿಂದ ಮಗುವಿಗೆ ನಿಜವಾಗಿ ಕೇಡಾಗುವುದೇ? ಈ ಮೂರು ಪ್ರಶ್ನೆಗಳನ್ನು ವಿಜ್ಞಾನದ ಬೆಳಕಿನಲ್ಲಿ ಪರಿಶೀಲಿಸೋಣ.

ಯಾರ ದೃಷ್ಟಿಯಲ್ಲಿ ವಿಚಿತ್ರ?

ಓಡುತ್ತಿರುವ ರೈಲಿನೊಳಗೆ ಕುಳಿತವನಿಗೆ ಎದುರಿನ ಆಸನ ನಿಶ್ಚಲ. ಹೊರಗೆ ಹೊಲದಲ್ಲಿ ನಿಂತವನಿಗೆ ಅದೇ ಆಸನ ಚಲಿಸುತ್ತಿದೆ. ವೇಗವನ್ನು ಹೇಳಬೇಕಾದರೆ ಯಾರಿಗೆ ಸಾಪೇಕ್ಷವಾಗಿ ಎಂದು ಮೊದಲು ಹೇಳಬೇಕೆಂಬುದು ಭೌತವಿಜ್ಞಾನದ ಪ್ರಥಮ ಪಾಠಗಳಲ್ಲೊಂದು. ಹೆಸರಿನ ವಿಚಿತ್ರತೆಗೂ ಈ ಮಾತು ಸಲ್ಲುತ್ತದೆ.

ಇದಕ್ಕೆ ನಿದರ್ಶನವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಬಿಡದಿಯ ಬಳಿಯ ಭದ್ರಾಪುರದಲ್ಲಿ ಹಕ್ಕಿಪಿಕ್ಕಿ ಜನಾಂಗದವರು ನೆಲೆಸಿದ್ದಾರೆ. ಒಂದು ಕಾಲದಲ್ಲಿ ಕಾಡುಮೇಡುಗಳಲ್ಲಿ ಬೇಟೆಯಾಡಿ ಅಲೆಯುತ್ತಿದ್ದ ಈ ಜನರ ಮನೆಮಾತು ವಾಗ್ರಿ. ಇವರಲ್ಲಿ ಕಾಫಿ, ಮೈಸೂರುಪಾಕು, ಹೈಕೋರ್ಟು, ಬಸ್ಸು, ಇಂಗ್ಲಿಷ್, ಗೂಗಲ್ ಮುಂತಾದ ಹೆಸರುಗಳುಳ್ಳವರು ಇರುವುದಾಗಿ ಪತ್ರಿಕೆಗಳು ಅನೇಕ ಬಾರಿ ವರದಿಮಾಡಿವೆ. ಈ ಹೆಸರುಗಳನ್ನು ಓದಿದ ಪಟ್ಟಣಿಗರು ನಕ್ಕದ್ದೂ ಉಂಟು. ಆದರೆ ಆ ಊರಿನ ಬೀದಿಯಲ್ಲಿ ‘ಕಾಫಿ’ ಎಂದು ಕೂಗಿದರೆ ಯಾರೂ ನಗುವುದಿಲ್ಲ. ಕಾಫಿ ಎಂಬ ಹೆಸರಿನವರು ತಿರುಗಿ ನೋಡುತ್ತಾರೆ, ಅಷ್ಟೆ. ಅಲ್ಲದೆ, ನದಿ ಬೆಟ್ಟಗಳ ಹೆಸರನ್ನೂ ಹೂವು ರತ್ನಗಳ ಹೆಸರನ್ನೂ ಮಕ್ಕಳಿಗೆ ಇಡುವ ನಾವು, ಮನಸ್ಸಿಗೆ ಹಿಡಿಸಿದ ವಸ್ತುವಿನ ಹೆಸರನ್ನು ಇಡುವ ಅವರಿಗಿಂತ ತತ್ತ್ವತಃ ಬೇರೆಯಾದುದನ್ನೇನೂ ಮಾಡುತ್ತಿಲ್ಲ. ಹೀಗಿರಲು ವಿಚಿತ್ರತೆ ಆ ಪದದಲ್ಲಿಲ್ಲ. ಪದಕ್ಕೂ ಕೇಳುವವನ ಅನುಭವಕ್ಕೂ ಇರುವ ಅಂತರದಲ್ಲಿದೆ.

ಹೆಸರು ಎಷ್ಟು ತಿಳಿಸುತ್ತದೆ?

ಅಪರೂಪತೆಯನ್ನು ಸಂಖ್ಯೆಯಲ್ಲಿ ಹೇಳುವ ಮಾರ್ಗವನ್ನು ಅಮೆರಿಕದ ಕ್ಲಾಡ್ ಶ್ಯಾನನ್ ೧೯೪೮ರಲ್ಲಿ ತೋರಿಸಿಕೊಟ್ಟರು. ಅವರು ಹೆಸರುಗಳ ವಿಷಯವನ್ನು ಕುರಿತು ಬರೆಯಲಿಲ್ಲ. ತಂತಿ ಮತ್ತು ದೂರವಾಣಿಗಳ ಮೂಲಕ ಸಾಗುವ ಸುದ್ದಿಯನ್ನು ಅಳೆಯುವ ಗಣಿತವನ್ನು ರೂಪಿಸಿದರು. ಅದರ ತಿರುಳು ಸರಳವಾದುದು. ಒಂದು ಸುದ್ದಿ ಎಷ್ಟು ಅನಿರೀಕ್ಷಿತವೋ ಅದು ಅಷ್ಟು ಹೆಚ್ಚು ತಿಳಿವಳಿಕೆಯನ್ನು ಕೊಡುತ್ತದೆ. ‘ಹೌದು’ ಅಥವಾ ‘ಅಲ್ಲ’ ಎಂಬ ಒಂದು ಉತ್ತರದಿಂದ ದೊರೆಯುವ ತಿಳಿವಳಿಕೆಯೇ ಅದರ ಅಳತೆಗೋಲು. ಅದಕ್ಕೆ ‘ಬಿಟ್’ ಎಂದು ಹೆಸರು.

೬೪ ವಿದ್ಯಾರ್ಥಿಗಳಿರುವ ಒಂದು ತರಗತಿಯನ್ನು ಊಹಿಸಿಕೊಳ್ಳಿ. ನಾನು ಮನಸ್ಸಿನಲ್ಲಿ ನೆನೆದ ಒಬ್ಬ ವಿದ್ಯಾರ್ಥಿಯನ್ನು ನೀವು ಪ್ರಶ್ನೆ ಕೇಳಿ ಕಂಡುಹಿಡಿಯಬೇಕು. ಜಾಣತನದಿಂದ ಕೇಳಿದರೆ ಪ್ರತಿಯೊಂದು ಪ್ರಶ್ನೆಯೂ ಉಳಿದವರನ್ನು ಅರ್ಧಕ್ಕೆ ಇಳಿಸುತ್ತದೆ: ೬೪, ೩೨, ೧೬, ೮, ೪, ೨, ೧. ಒಟ್ಟು ೬ ಪ್ರಶ್ನೆಗಳು ಸಾಕು. ಈಗ ಆ ತರಗತಿಯಲ್ಲಿ ಎಂಟು ಮಂದಿ ಮಂಜುನಾಥರಿದ್ದಾರೆಂದು ಭಾವಿಸೋಣ. “ಅವನ ಹೆಸರು ಮಂಜುನಾಥ” ಎಂದು ನಾನು ಹೇಳಿದರೆ ೬೪ ಮಂದಿ ೮ಕ್ಕೆ ಇಳಿದಂತಾಯಿತು. ಅಂದರೆ ೩ ಪ್ರಶ್ನೆಗಳ ಕೆಲಸ ಮುಗಿಯಿತು, ಇನ್ನೂ ೩ ಉಳಿದವು. ಇಡೀ ತರಗತಿಯಲ್ಲಿ ಒಬ್ಬನಿಗೇ ಇರುವ ಹೆಸರನ್ನು ಹೇಳಿದೆನಾದರೆ ಆರೂ ಪ್ರಶ್ನೆಗಳು ಒಂದೇ ಏಟಿಗೆ ಮುಗಿಯುತ್ತವೆ. ಮೊದಲನೆಯ ಹೆಸರಿನ ತೂಕ ೩ ಬಿಟ್, ಎರಡನೆಯದರದು ೬ ಬಿಟ್. ಒಬ್ಬನನ್ನು ಮತ್ತೊಬ್ಬನಿಂದ ಬೇರ್ಪಡಿಸುವುದೇ ಹೆಸರಿನ ಕೆಲಸವಾದರೆ ಅಪರೂಪದ ಹೆಸರು ಆ ಕೆಲಸವನ್ನು ಹೆಚ್ಚು ಸಮರ್ಥವಾಗಿ ಮಾಡುತ್ತದೆಂಬುದು ಸ್ಪಷ್ಟ.

ನಮ್ಮ ಪೂರ್ವಿಕರು ಇದನ್ನು ಅನುಭವದಿಂದಲೇ ಅರಿತಿದ್ದರು. ಹೆಸರು ಸಾಮಾನ್ಯವಾಗಿದ್ದುದರಿಂದಲೇ ಅದರ ಹಿಂದೆ ಊರನ್ನೂ ತಂದೆಯ ಹೆಸರನ್ನೂ ಸೇರಿಸಿದರು. ಹಳ್ಳಿಗಳಲ್ಲಿ ಮೂಲೆಮನೆ ರಂಗಪ್ಪ, ದೊಡ್ಡಕೆರೆ ರಂಗಪ್ಪ ಎಂದು ವಿಂಗಡಿಸಿದರು. ಕಡಿಮೆಬಿದ್ದ ಬಿಟ್‌ಗಳನ್ನು ತುಂಬಿಕೊಳ್ಳುವ ಉಪಾಯವಿದು.

ಹಾಗಾದರೆ ಎಲ್ಲರೂ ಅಪರೂಪದ ಹೆಸರನ್ನೇ ಏಕೆ ಇಡಬಾರದು? ಇಲ್ಲಿ ಶ್ಯಾನನ್ನರ ಗಣಿತದ ಎರಡನೆಯ ಮುಖ ಕಾಣುತ್ತದೆ. ಸದ್ದುಗದ್ದಲದಲ್ಲಿ ಅರ್ಧಂಬರ್ಧ ಕೇಳಿಬಂದ ಮಾತನ್ನು ಮನಸ್ಸು ತನ್ನ ಪೂರ್ವಪರಿಚಯದಿಂದ ಪೂರ್ಣಮಾಡಿಕೊಳ್ಳುತ್ತದೆ. ಬಸ್ಸಿನ ಗದ್ದಲದಲ್ಲಿ ‘…ಜುನಾ…’ ಎಂದಷ್ಟೇ ಕೇಳಿದರೂ ಅದು ಮಂಜುನಾಥನೆಂದೋ ಮಲ್ಲಿಕಾರ್ಜುನನೆಂದೋ ಊಹಿಸುವುದು ಕಷ್ಟವಲ್ಲ. ಹಿಂದೆಂದೂ ಕೇಳದ ಹೆಸರಿಗೆ ಈ ಸೌಲಭ್ಯವಿಲ್ಲ. ಒಂದು ಅಕ್ಷರ ಜಾರಿದರೆ ಕಿವಿ ಅದನ್ನು ತನಗೆ ತಿಳಿದ ಬೇರೆ ಹೆಸರಿಗೆ ತಿದ್ದಿಬಿಡುತ್ತದೆ. ಅಪರೂಪದ ಹೆಸರಿನವರು ತಮ್ಮ ಹೆಸರನ್ನು ಮತ್ತೆ ಮತ್ತೆ ಬಿಡಿಸಿ ಹೇಳಬೇಕಾಗುವುದು ಈ ಕಾರಣದಿಂದ. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ತೊಡಕು ಇಮ್ಮಡಿಯಾಗುತ್ತದೆ. ಳಕಾರ ಲಕಾರಗಳ, ಣಕಾರ ನಕಾರಗಳ ಭೇದ ಅಲ್ಲಿ ಅಳಿಸಿಹೋಗುತ್ತದೆ. ಹೆಸರು ಅಂಕಪಟ್ಟಿಯಲ್ಲಿ ಒಂದು ಬಗೆ, ಆಧಾರ್ ಚೀಟಿಯಲ್ಲಿ ಇನ್ನೊಂದು ಬಗೆಯಾದರೆ ಮುಂದಿನ ಪಾಡನ್ನು ಹೇಳಬೇಕಾಗಿಲ್ಲ. ಹೆಚ್ಚು ತಿಳಿವಳಿಕೆಯನ್ನು ಹೊತ್ತ ಸುದ್ದಿಯನ್ನು ಕೆಡದಂತೆ ಸಾಗಿಸಲು ಹೆಚ್ಚು ಎಚ್ಚರಿಕೆ ಬೇಕು; ಅಪರೂಪತೆಗೆ ತೆರಬೇಕಾದ ಬೆಲೆ ಇದು.

ಪರಿಚಯದಿಂದ ಹುಟ್ಟುವ ಒಲವು

ಹೊಸ ಹೆಸರು ಮೊದಲು ಕಿವಿಗೆ ಒರಟಾಗಿ ಕೇಳಿ, ಕಾಲಕ್ರಮದಲ್ಲಿ ಹಿತವಾಗುವುದು ಎಲ್ಲರ ಅನುಭವ. ಇದನ್ನು ಪ್ರಯೋಗಕ್ಕೆ ಒಳಪಡಿಸಿದವರಲ್ಲಿ ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯಂಟ್ಸ್ ಪ್ರಮುಖರು. ೧೯೬೮ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಒಂದು ಸ್ವಾರಸ್ಯವಾದ ಪ್ರಯೋಗದ ವಿವರವಿದೆ. ಅರ್ಥವಿಲ್ಲದ ಕೆಲವು ಪದಗಳನ್ನು ಸೃಷ್ಟಿಸಿ, ಅವು ತುರ್ಕಿ ಭಾಷೆಯ ಪದಗಳೆಂದು ಜನರಿಗೆ ಹೇಳಲಾಯಿತು. ಕೆಲವು ಪದಗಳನ್ನು ಒಂದೆರಡು ಬಾರಿ, ಕೆಲವನ್ನು ೨೫ ಬಾರಿ ತೋರಿಸಿ, ಬಳಿಕ ಪ್ರತಿಯೊಂದು ಪದಕ್ಕೂ ಒಳ್ಳೆಯ ಅರ್ಥವಿರಬಹುದೋ ಕೆಟ್ಟ ಅರ್ಥವಿರಬಹುದೋ ಊಹಿಸಲು ಕೇಳಿದರು. ಹೆಚ್ಚು ಬಾರಿ ಕಂಡ ಪದಕ್ಕೆ ಒಳ್ಳೆಯ ಅರ್ಥವಿದೆಯೆಂದು ಜನ ಊಹಿಸಿದರು. ಪದಕ್ಕೆ ಅರ್ಥವೇ ಇರಲಿಲ್ಲ. ಒಲವು ಹುಟ್ಟಿದ್ದು ಕೇವಲ ಪರಿಚಯದಿಂದ.

ನಮ್ಮ ನಾಡಿನ ಹೆಸರುಗಳಲ್ಲಿ ಇದಕ್ಕೆ ಸೊಗಸಾದ ಸಾಕ್ಷ್ಯವಿದೆ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ, ಸಾವಿನ ಕಣ್ಣು ಮಗುವಿನ ಮೇಲೆ ಬೀಳದಿರಲೆಂದು ಬೇಕೆಂದೇ ತುಚ್ಛವಾದ ಹೆಸರನ್ನು ಇಡುವ ವಾಡಿಕೆಯಿತ್ತು. ತಿಪ್ಪಣ್ಣ, ಕಲ್ಲಪ್ಪ, ಗುಂಡಪ್ಪ, ಹುಚ್ಚಪ್ಪ ಎಂಬಂಥ ಹೆಸರುಗಳು ಹೀಗೆಯೂ ಬಳಕೆಗೆ ಬಂದವು. ಆದರೆ ಗುಂಡಪ್ಪ ಎಂಬ ಹೆಸರನ್ನು ಕೇಳಿದ ಕನ್ನಡಿಗನಿಗೆ ಇಂದು ಗುಂಡುಕಲ್ಲು ನೆನಪಾಗುವುದೇ? ಡಿ. ವಿ. ಗುಂಡಪ್ಪನವರ ಗಂಭೀರ ವ್ಯಕ್ತಿತ್ವ ನೆನಪಾಗುತ್ತದೆ. ಹೆಣ್ಣುಮಕ್ಕಳೇ ಹುಟ್ಟುತ್ತಿದ್ದ ಮನೆಗಳಲ್ಲಿ “ಇನ್ನು ಸಾಕು” ಎಂಬ ಭಾವದಿಂದ ಸಾಕಮ್ಮ, ಸಾಕವ್ವ ಎಂದು ಕರೆಯುತ್ತಿದ್ದುದುಂಟು. ಆದರೆ ಹಳೆಯ ಬೆಂಗಳೂರಿನವರಿಗೆ ಸಾಕಮ್ಮ ಎಂದೊಡನೆ, ಕಾಫಿ ಪುಡಿಯ ಉದ್ಯಮವನ್ನು ಕಟ್ಟಿ ಬೆಳೆಸಿದ ಡಿ. ಸಾಕಮ್ಮನವರೂ ಹೊಸದಾಗಿ ಹುರಿದ ಬೀಜದ ಕಂಪೂ ನೆನಪಿಗೆ ಬರುತ್ತಿದ್ದವು. ಹೆಸರು ಮನುಷ್ಯನಿಗೆ ಬಣ್ಣ ಕೊಡುವುದಕ್ಕಿಂತ ಮನುಷ್ಯ ಹೆಸರಿಗೆ ಬಣ್ಣ ಕೊಡುವುದೇ ಹೆಚ್ಚು.

‘ಸಾಮಾನ್ಯ’ವೆಂಬುದೂ ಸ್ಥಿರವಾದುದಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನಗಳ ಸಾಮಾಜಿಕ ಭದ್ರತಾ ಇಲಾಖೆ ೧೮೮೦ರಿಂದೀಚೆಗೆ ಹುಟ್ಟಿದವರ ಹೆಸರುಗಳ ಎಣಿಕೆಯನ್ನು ಪ್ರಕಟಿಸುತ್ತದೆ. ಆ ಪಟ್ಟಿಯ ಪ್ರಕಾರ ೧೮೮೦ರಲ್ಲಿ ಹುಟ್ಟಿದ ಗಂಡುಮಕ್ಕಳಲ್ಲಿ ಸುಮಾರು ಹನ್ನೆರಡಕ್ಕೆ ಒಬ್ಬ ಜಾನ್, ಹೆಣ್ಣುಮಕ್ಕಳಲ್ಲಿ ಸುಮಾರು ಹದಿನಾಲ್ಕಕ್ಕೆ ಒಬ್ಬಳು ಮೇರಿ. ೨೦೨೩ರಲ್ಲಿ ಗಂಡುಮಕ್ಕಳ ಪಟ್ಟಿಯಲ್ಲಿ ಮೊದಲನೆಯದಾದ ಲಿಯಾಮ್ ಎಂಬ ಹೆಸರು ಸುಮಾರು ನೂರಕ್ಕೆ ಒಬ್ಬನಿಗೆ ಮಾತ್ರ ಇತ್ತು. ಎಲ್ಲರೂ ಅಪರೂಪದ ಹೆಸರನ್ನು ಅರಸುವಾಗ ಅಪರೂಪವಾಗಿರುವುದೇ ಸಾಮಾನ್ಯವಾಗಿಬಿಡುತ್ತದೆ. ಅಂಥ ಸಮಾಜದಲ್ಲಿ ಹೊಸ ಹೆಸರಿಗೆ ಹುಬ್ಬೇರಿಸುವವರ ಸಂಖ್ಯೆ ಕ್ರಮೇಣ ಕುಗ್ಗುವುದೆಂದು ನಿರೀಕ್ಷಿಸಬಹುದು.

ನಾದದ ಪ್ರಭಾವ

ಪರಿಚಯವಿಲ್ಲದ ಹೆಸರಿಗೂ ಕಿವಿ ಏನೋ ಒಂದು ಗುಣವನ್ನು ಆರೋಪಿಸುತ್ತದೆ. ಅದಕ್ಕೆ ನಾದವೇ ಆಧಾರ. ಜರ್ಮನಿಯ ವೋಲ್ಫ್‌ಗಾಂಗ್ ಕೋಲರ್ ೧೯೨೯ರಲ್ಲಿ, ದುಂಡನೆಯ ಆಕೃತಿ ಒಂದನ್ನೂ ಚೂಪುಮೂಲೆಗಳ ಆಕೃತಿ ಒಂದನ್ನೂ ಮುಂದಿಟ್ಟು, ಯಾವುದು ‘ಬಲುಬಾ’, ಯಾವುದು ‘ತಕೇಟೆ’ ಎಂಬ ಪ್ರಶ್ನೆಯನ್ನು ಎತ್ತಿದರು. ಬಹುಮಂದಿಗೆ ದುಂಡನೆಯದು ಬಲುಬಾ, ಚೂಪಾದುದು ತಕೇಟೆ. ೨೦೦೧ರಲ್ಲಿ ವಿ. ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬರ್ಡ್ ‘ಬೂಬಾ’, ‘ಕೀಕಿ’ ಎಂಬ ಪದಗಳಿಂದ ಇದನ್ನು ಮತ್ತೆ ಪ್ರಸಿದ್ಧಿಗೆ ತಂದರು. ೨೦೨೨ರಲ್ಲಿ ಪ್ರಕಟವಾದ ವಿಸ್ತಾರವಾದ ಅಧ್ಯಯನವೊಂದರಲ್ಲಿ, ೨೫ ಭಾಷೆಗಳನ್ನಾಡುವ ೯೦೦ಕ್ಕೂ ಹೆಚ್ಚು ಜನರಲ್ಲಿ ನೂರಕ್ಕೆ ಸುಮಾರು ೭೨ರಷ್ಟು ಉತ್ತರಗಳು ಈ ಬಗೆಯಲ್ಲಿಯೇ ಹೊಂದಿಕೊಂಡವು.

ನಮ್ಮ ಪ್ರಾಚೀನರೂ ಹೆಸರಿನ ನಾದವನ್ನು ಕುರಿತು ಚಿಂತಿಸಿದ್ದರೆಂಬುದನ್ನು ಇಲ್ಲಿ ನೆನೆಯಬಹುದು. ಹೆಸರು ಘೋಷಾಕ್ಷರದಿಂದ ಮೊದಲಾಗಬೇಕು, ನಡುವೆ ಅಂತಸ್ಥಾಕ್ಷರವಿರಬೇಕು, ಗಂಡುಮಗುವಿನ ಹೆಸರಿನಲ್ಲಿ ಸಮಸಂಖ್ಯೆಯ ಅಕ್ಷರಗಳೂ ಹೆಣ್ಣುಮಗುವಿನ ಹೆಸರಿನಲ್ಲಿ ವಿಷಮಸಂಖ್ಯೆಯ ಅಕ್ಷರಗಳೂ ಇರಬೇಕು ಎಂದು ಆಶ್ವಲಾಯನ ಗೃಹ್ಯಸೂತ್ರ ವಿಧಿಸುತ್ತದೆ. ಘೋಷವೆಂದರೇನೆಂದು ತಿಳಿಯಲು ಗಂಟಲಿನ ಮೇಲೆ ಬೆರಳಿಟ್ಟು ‘ಸ್‌ಸ್‌ಸ್’ ಎಂದೂ ಬಳಿಕ ಇಂಗ್ಲಿಷಿನ ‘ಝೂ’ ಪದದ ಮೊದಲ ಧ್ವನಿಯನ್ನು ಎಳೆದೂ ನೋಡಿ. ಎರಡನೆಯ ಬಾರಿ ಬೆರಳಿಗೆ ಕಂಪನದ ಅನುಭವವಾಗುತ್ತದೆ. ಧ್ವನಿತಂತುಗಳು ಅದುರಿ ಹುಟ್ಟುವ ಇಂಥ ಧ್ವನಿಗಳೇ ಘೋಷ. ಗ, ಜ, ದ, ಬ ಇವು ಆ ವರ್ಗದವು. ಯ, ರ, ಲ, ವ ಇವು ಅಂತಸ್ಥಗಳು. ‘ದೇವ’ ಎಂಬ ಹೆಸರಿನಲ್ಲಿ ಎರಡೂ ಇವೆ. ಕೋಲರ್ ಅವರ ‘ಬಲುಬಾ’ದಲ್ಲಿಯೂ ಇವೆಯೆಂಬುದನ್ನು ವಾಚಕರು ಗಮನಿಸಿರಬಹುದು. ಆದರೆ ನಾದದಿಂದ ಹುಟ್ಟುವುದು ಮೊದಲ ಕ್ಷಣದ ಭಾವನೆ ಮಾತ್ರ. ಹೆಸರಿನವರ ಗುಣವನ್ನು ಅದು ತಿಳಿಸಲಾರದು.

ಉತ್ತರಪತ್ರಿಕೆಯ ಮೇಲೆ ಹೆಸರಿನ ನೆರಳು

ಇಲ್ಲಿಯವರೆಗಿನದು ಕೇವಲ ಅಭಿರುಚಿಯ ವಿಷಯವೆಂದು ತೋರಬಹುದು. ಆದರೆ ಕೇಳುವವನ ಕೈಯಲ್ಲಿ ಅಂಕ ಕೊಡುವ ಅಥವಾ ಕೆಲಸ ಕೊಡುವ ಅಧಿಕಾರವಿದ್ದರೆ? ೧೯೭೩ರಲ್ಲಿ ಹರ್ಬರ್ಟ್ ಹರಾರಿ ಮತ್ತು ಜಾನ್ ಮೆಕ್‌ಡೇವಿಡ್ ಎಂಬ ಸಂಶೋಧಕರು ಅಮೆರಿಕದಲ್ಲಿ ಇದನ್ನು ಪರೀಕ್ಷಿಸಿದರು. ಐದನೆಯ ತರಗತಿಯ ಮಕ್ಕಳು ಬರೆದ ಪ್ರಬಂಧಗಳಿಗೆ ಮನಬಂದಂತೆ ಬೇರೆ ಬೇರೆ ಹೆಸರುಗಳನ್ನು ಅಂಟಿಸಿ, ೮೦ ಮಂದಿ ಅಧ್ಯಾಪಿಕೆಯರಿಗೂ ೮೦ ಮಂದಿ ವಿದ್ಯಾರ್ಥಿನಿಯರಿಗೂ ಕೊಟ್ಟು ಅಂಕ ಹಾಕಿಸಿದರು. ಡೇವಿಡ್, ಮೈಕೇಲ್ ಎಂಬಂಥ ಮೆಚ್ಚಿನ ಹೆಸರು ಹೊತ್ತ ಪ್ರಬಂಧಕ್ಕೆ ಹೆಚ್ಚು ಅಂಕವೂ, ಎಲ್ಮರ್, ಹ್ಯೂಬರ್ಟ್ ಎಂಬಂಥ ಹೆಸರು ಹೊತ್ತ ಪ್ರಬಂಧಕ್ಕೆ ಕಡಿಮೆ ಅಂಕವೂ ಬಂದವು. ಗಮನಿಸಬೇಕಾದ ಅಂಶವೆಂದರೆ, ಈ ಭೇದ ಸ್ಪಷ್ಟವಾಗಿ ಕಂಡದ್ದು ಅನುಭವಸ್ಥ ಅಧ್ಯಾಪಿಕೆಯರಲ್ಲಿ, ಅನನುಭವಿಗಳಾದ ವಿದ್ಯಾರ್ಥಿನಿಯರಲ್ಲಲ್ಲ. ಹೆಸರಿನ ಪಕ್ಷಪಾತ ಅನುಭವದೊಡನೆ ತಾನಾಗಿ ಕಳೆಯುವಂಥದಲ್ಲ. ಅದು ರೂಢಿಯಾಗಿ ಗಟ್ಟಿಯಾಗಲೂಬಹುದು.

ಹೆಸರು ಒಂದು ಜನವರ್ಗದ ಗುರುತಾದಾಗ ಪರಿಣಾಮ ಇನ್ನೂ ಕಠೋರ. ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಬಾಸ್ಟನ್ ಮತ್ತು ಶಿಕಾಗೊ ನಗರಗಳಲ್ಲಿ ನಡೆಸಿ ೨೦೦೪ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಮಾನ ಅರ್ಹತೆಯ ಸುಮಾರು ೫೦೦೦ ಅರ್ಜಿಗಳನ್ನು ಕಳುಹಿಸಲಾಯಿತು. ಬಿಳಿಯರಲ್ಲಿ ರೂಢಿಯಾದ ಹೆಸರಿದ್ದರೆ ಸುಮಾರು ೧೦ ಅರ್ಜಿಗಳಿಗೆ ಒಂದು ಕರೆ. ಕಪ್ಪುಜನರಲ್ಲಿ ರೂಢಿಯಾದ ಹೆಸರಿದ್ದರೆ ಸುಮಾರು ೧೫ಕ್ಕೆ ಒಂದು. ಇದನ್ನು ಓದಿ ಪರದೇಶದ ದೋಷವೆಂದು ನಾವು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಭಾರತದಲ್ಲಿ ಇಂಗ್ಲಿಷ್ ಪತ್ರಿಕೆಗಳ ಕೆಲಸದ ಜಾಹೀರಾತುಗಳಿಗೆ ಇಂಥ ಅರ್ಜಿಗಳನ್ನೇ ಕಳುಹಿಸಿ ೨೦೦೭ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೇಲುಜಾತಿಯ ಹೆಸರಿನ ಅಭ್ಯರ್ಥಿಗಿದ್ದ ಅವಕಾಶಕ್ಕೆ ಹೋಲಿಸಿದರೆ, ಅಷ್ಟೇ ಅರ್ಹತೆಯ ದಲಿತ ಹೆಸರಿನವನಿಗೆ ಸುಮಾರು ಮೂರನೆಯ ಎರಡು ಪಾಲು, ಮುಸ್ಲಿಂ ಹೆಸರಿನವನಿಗೆ ಸುಮಾರು ಮೂರನೆಯ ಒಂದು ಪಾಲು ಅವಕಾಶ ದೊರೆಯಿತು. ಈ ಹೆಸರುಗಳು ಅಪರೂಪವಾದುವಲ್ಲ. ಕೋಟ್ಯಂತರ ಜನರ ಹೆಸರುಗಳು. ಇಲ್ಲಿ ತೊಡಕಾದದ್ದು ಹೆಸರಿನ ವಿರಳತೆಯಲ್ಲ, ಕೇಳುವವನ ಮನಸ್ಸಿನ ಪೂರ್ವಗ್ರಹ.

ಕಾರಣವೋ ಸಹಚಾರಿಯೋ?

ವಿಚಿತ್ರ ಹೆಸರು ಬಾಳನ್ನೇ ಕೆಡಿಸುವುದೆಂಬ ಅಭಿಪ್ರಾಯಕ್ಕೆ ೧೯೪೮ರ ಒಂದು ಅಧ್ಯಯನವನ್ನು ಆಧಾರವಾಗಿ ಉದಾಹರಿಸುವುದುಂಟು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಸುಮಾರು ೩೩೦೦ ಪುರುಷರ ದಾಖಲೆಗಳನ್ನು ನೋಡಿದಾಗ, ಅಸಾಧಾರಣ ಹೆಸರಿನವರಲ್ಲಿ ಓದಿನಲ್ಲಿ ಸೋತವರೂ ಮನೋವ್ಯಾಕುಲತೆಗೆ ಒಳಗಾದವರೂ ಹೆಚ್ಚಾಗಿದ್ದರೆಂದು ಅದರಲ್ಲಿ ಹೇಳಿದೆ. ಆದರೆ ಎರಡು ಸಂಗತಿಗಳು ಜೊತೆಯಾಗಿ ಕಂಡಮಾತ್ರಕ್ಕೆ ಒಂದು ಇನ್ನೊಂದರ ಕಾರಣವೆಂದು ಹೇಳಲಾಗದು. ಹೆಸರನ್ನು ಆರಿಸಿದವರು ತಂದೆತಾಯಿಗಳು. ಮಗುವನ್ನು ಬೆಳೆಸಿದವರೂ ಅವರೇ. ಹೆಸರಿನ ಅಸಾಧಾರಣತೆಗೂ ಮಗುವಿನ ಪಾಡಿಗೂ ಮನೆಯ ಸ್ಥಿತಿಗತಿಯೇ ಮೂಲವಾಗಿರಬಹುದಲ್ಲವೆ?

ಈ ಸಂದೇಹಕ್ಕೆ ಆಧಾರವಿದೆ. ರೋಲಂಡ್ ಫ್ರಯರ್ ಮತ್ತು ಸ್ಟೀವನ್ ಲೆವಿಟ್ ಕ್ಯಾಲಿಫೋರ್ನಿಯದ ಜನನ ದಾಖಲೆಗಳನ್ನು ಪರಿಶೀಲಿಸಿ, ಹುಟ್ಟಿದ ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೆ, ಕಪ್ಪುಜನರ ವಿಶಿಷ್ಟ ಹೆಸರುಗಳಿಗೂ ಮುಂದಿನ ಬಾಳಿನ ಏಳುಬೀಳುಗಳಿಗೂ ಕೆಟ್ಟ ಸಂಬಂಧವೇನೂ ಕಾಣಲಿಲ್ಲವೆಂದು ೨೦೦೪ರಲ್ಲಿ ತಿಳಿಸಿದರು. ಇದಕ್ಕೂ ಬಾಸ್ಟನ್ ಶಿಕಾಗೊಗಳ ಪ್ರಯೋಗಕ್ಕೂ ವಿರೋಧವಿಲ್ಲವೆಂದು ನನಗೆ ತೋರುತ್ತದೆ. ಅಪರಿಚಿತನ ಕೈಗೆ ಕಾಗದವೊಂದೇ ತಲುಪಿದಾಗ ಹೆಸರು ಬಾಗಿಲನ್ನು ಮುಚ್ಚಿಸಬಲ್ಲದು. ಆದರೆ ಬಾಳಿಗೆ ಬಾಗಿಲು ಒಂದೇ ಅಲ್ಲ. ಮನುಷ್ಯನ ಪರಿಚಯವಾದ ಕಡೆ ಹೆಸರಿನ ಪ್ರಭಾವ ಹಿಂದೆ ಸರಿಯಬಹುದು.

ಒಂದು ಬಗೆಯ ಹೆಸರನ್ನು ಮಾತ್ರ ಈ ಸಮಾಧಾನದಿಂದ ಹೊರಗಿಡಬೇಕು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯಲ್ಲಿ ಬೇಡವಾಗಿ ಹುಟ್ಟಿದವಳೆಂದು ಹೆಣ್ಣುಮಕ್ಕಳಿಗೆ ‘ನಕೂಸಾ’ ಎಂದು ಹೆಸರಿಡುತ್ತಿದ್ದರು. ಆ ಪದದ ಅರ್ಥವೇ ‘ಬೇಡವಾದವಳು’. ೨೦೧೧ರಲ್ಲಿ ಜಿಲ್ಲಾಡಳಿತ ಏರ್ಪಡಿಸಿದ ಸಮಾರಂಭದಲ್ಲಿ ೨೮೦ಕ್ಕೂ ಹೆಚ್ಚು ಬಾಲಕಿಯರು ಆ ಹೆಸರನ್ನು ಕಳಚಿ ತಾವು ಮೆಚ್ಚಿದ ಹೊಸ ಹೆಸರನ್ನು ಪಡೆದರು. ಆ ಹೆಸರು ಅಲ್ಲಿ ಅಪರೂಪವೇನೂ ಆಗಿರಲಿಲ್ಲ. ಕಿವಿಗೆ ಒರಟೂ ಅಲ್ಲ. ಆದರೆ ಕರೆದಾಗಲೆಲ್ಲ ಅದು ಮಗುವಿಗೆ ತಾನು ಬೇಡವಾದವಳೆಂದು ಹೇಳುತ್ತಿತ್ತು. ಮಗುವಿಗೆ ನೋವಾಗುವುದು ಇಂಥ ಹೆಸರಿನಿಂದ.

ಹೆಸರಿಡುವವರಿಗೂ ಕರೆಯುವವರಿಗೂ

ಇದುವರೆಗಿನ ವಿವೇಚನೆಯಿಂದ ತಂದೆತಾಯಿಗಳಿಗೆ ಮೂರು ಸೂಚನೆಗಳು ದೊರೆಯುತ್ತವೆ. ಆರಿಸಿದ ಹೆಸರನ್ನು ಅಂಗಳದ ಆಚೆಗೆ ಕೇಳುವಂತೆ ಕೂಗಿ, ಅದು ಕೆಡದೆ ತಲುಪುವುದೇ ಎಂದು ನೋಡಬೇಕು. ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಅದರ ಬರಹವನ್ನು ಮೊದಲ ದಿನವೇ ಗೊತ್ತುಮಾಡಿ, ಎಲ್ಲ ಕಾಗದಪತ್ರಗಳಲ್ಲಿಯೂ ಹಾಗೆಯೇ ಬರೆಸಬೇಕು. ಮಗು ದೊಡ್ಡದಾಗಿ, “ನನ್ನ ಹೆಸರಿನ ಅರ್ಥವೇನು?” ಎಂದು ಕೇಳಿದಾಗ ತಲೆತಗ್ಗಿಸದೆ ಹೇಳಬಲ್ಲ ಉತ್ತರ ಇರಬೇಕು. ಇಷ್ಟಾದರೆ ಹೆಸರು ಎಷ್ಟು ಹೊಸತಾದರೂ ಅಳುಕಬೇಕಾಗಿಲ್ಲ.

ಹೆಚ್ಚಿನ ಹೊಣೆ ಇರುವುದು ಕೇಳುವವರ ಮೇಲೆ. ನಮ್ಮ ಸಾರ್ವಜನಿಕ ಪರೀಕ್ಷೆಗಳ ಉತ್ತರಪತ್ರಿಕೆಗಳಲ್ಲಿ ಹೆಸರನ್ನು ಬರೆಯದೆ ನೋಂದಣಿ ಸಂಖ್ಯೆಯನ್ನು ಬರೆಯುವುದು ವಿವೇಕದ ಕ್ರಮ. ಹರಾರಿ ಮತ್ತು ಮೆಕ್‌ಡೇವಿಡ್ ತೋರಿಸಿದ ದೋಷಕ್ಕೆ ಅದು ತಕ್ಕ ಮದ್ದು. ಆದರೆ ತರಗತಿಯ ಹಾಜರಿಯಲ್ಲಿ, ಸಂದರ್ಶನದ ಕೊಠಡಿಯಲ್ಲಿ, ಕೆಲಸದ ಅರ್ಜಿಯಲ್ಲಿ ಹೆಸರು ಬಯಲಾಗಿಯೇ ಇರುತ್ತದೆ. ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಅಧ್ಯಾಪಕರಾಗುವಿರಿ, ಕೆಲವರು ಅಧಿಕಾರಿಗಳಾಗುವಿರಿ. ಕೇಳರಿಯದ ಹೆಸರೊಂದು ಎದುರಾದಾಗ ನಗೆ ಬಂದರೆ, ಆ ನಗೆ ಅಳೆಯುತ್ತಿರುವುದು ಎದುರಿಗಿರುವವರ ಯೋಗ್ಯತೆಯನ್ನಲ್ಲ, ನಮ್ಮ ಪರಿಚಯದ ಮಿತಿಯನ್ನು ಎಂದು ನೆನೆಯಿರಿ. “ನಿಮ್ಮ ಹೆಸರನ್ನು ಹೇಗೆ ಹೇಳಬೇಕು?” ಎಂದು ಒಮ್ಮೆ ಕೇಳಿ, ಸರಿಯಾಗಿ ಉಚ್ಚರಿಸಿರಿ. ನಾಲ್ಕು ಬಾರಿ ಕರೆದ ಮೇಲೆ ಅದು ನಿಮಗೂ ಸಾಮಾನ್ಯವಾದ ಹೆಸರೇ ಆಗುತ್ತದೆ.